ಕ್ಯಾಲ್ಸಿಯಂ ಬಾಟಲಿಯ ಗಗನಯಾತ್ರೆ

ನ್ಯಾಮತಿಯ ಓವರ್‌ಹೆಡ್ ಟ್ಯಾಂಕಿಗಿಂತ ಎತ್ತರಕ್ಕೆ, ಬರೀ ನೀರು ಮತ್ತು ಸೈಕಲ್ ಪಂಪಿನ ಬಲದಿಂದ, ಒಂದು ವಸ್ತುವನ್ನು ಹಾರಿಸಿದ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬನೇ. ಅದು ನಾನು. ಈ ಮಾತನ್ನು ನ್ಯಾಮತಿಯಲ್ಲಿ ಯಾರಿಗಾದರೂ ಹೇಳಿ ನೋಡಿ. ನಿಮ್ಮನ್ನು ಕೂರಿಸಿ, ಕಾಫಿ ಕೊಟ್ಟು, ಕಾಂಪೌಂಡರ್ ಬೆನಕಪ್ಪನ ತಲೆ ಹೇಗೆ ಕೆಟ್ಟಿತು, ದೇವರು ಅದನ್ನು ಹೇಗೆ ಸರಿಮಾಡಿದ ಎಂಬ ಕಥೆ ಹೇಳುತ್ತಾರೆ. ಆ ಕಥೆಯಲ್ಲಿ ನನ್ನ ರಾಕೆಟ್ಟು ಟ್ಯಾಂಕ್ ದಾಟುವುದೇ ಇಲ್ಲ. ಅದೇ ನನ್ನ ದೂರು.

ಎಂಬತ್ತಾರನೆಯ ಇಸವಿಯ ಮಾತು. ನಾನು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಕರು ಹಾಕಿ ನೆಲ ಹಿಡಿದ ಎಮ್ಮೆಗಳಿಗೆ ಏರಿಸುವ ಕ್ಯಾಲ್ಸಿಯಂ ಔಷಧಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಬರುತ್ತಿತ್ತು. ದಪ್ಪ ಬಾಟಲಿ, ಸಣ್ಣ ಕುತ್ತಿಗೆ, ಅದಕ್ಕೊಂದು ರಬ್ಬರ್ ಬಿರಡೆ. ಎಮ್ಮೆ ಎದ್ದು ನಿಂತ ಮೇಲೆ ಬಾಟಲಿಯನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ನೇರವಾಗಿ ತಿಪ್ಪೆಗೆ ಹೋಗುತ್ತಿತ್ತು.

ಆ ವರ್ಷ ದಾವಣಗೆರೆಯ ವಸ್ತು ಪ್ರದರ್ಶನದಲ್ಲಿ ಒಬ್ಬ ಅಂಗಡಿಯವನು ಒಂದು ಕೆಂಪು ಪ್ಲಾಸ್ಟಿಕ್ ಆಟಿಕೆ ಹಾರಿಸುತ್ತಿದ್ದ. ಹೊಟ್ಟೆಗೆ ಒಂದಿಷ್ಟು ನೀರು ತುಂಬಿ, ಪುಟ್ಟ ಪಂಪಿನಿಂದ ಗಾಳಿ ಒತ್ತಿ, ಕೈಬಿಟ್ಟರೆ ಪುಸ್ಸೆಂದು ಮೇಲಕ್ಕೆ ಹೋಗುತ್ತಿತ್ತು. ಒಳಗಿನ ಗಾಳಿ ನೀರನ್ನು ಕೆಳಕ್ಕೆ ದೂಡುತ್ತದೆ, ನೀರು ಆಟಿಕೆಯನ್ನು ಮೇಲಕ್ಕೆ ದೂಡುತ್ತದೆ, ಅಷ್ಟೇ ವಿದ್ಯೆ. ನಾನು ಬಾಯಿ ಬಿಟ್ಟುಕೊಂಡು ನಿಂತೆ. ನನ್ನ ಹೆಂಡತಿ ಕೊಟ್ರಮ್ಮ ಅಂಗಿ ಹಿಡಿದು ಎಳೆದಳು. "ಹಾಲು ಕುಡಿಯೋ ಮಕ್ಕಳ ಸಾಮಾನು ಅದು, ನಡೀರಿ, ಬಸ್ಸು ಹೋಗ್ತೈತೆ" ಎಂದಳು. ಹೊನ್ನಾಳಿ ಬರುವವರೆಗೆ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಆ ಆಟಿಕೆಯ ಹೊಟ್ಟೆ ನಿಂಬೆಹಣ್ಣಿನಷ್ಟು. ನನ್ನ ಕ್ಯಾಲ್ಸಿಯಂ ಬಾಟಲಿಯ ಹೊಟ್ಟೆ ಎಷ್ಟು! ಹೊನ್ನಾಳಿ ದಾಟಿ ಬಸ್ಸು ನ್ಯಾಮತಿಯ ಕಡೆ ತಿರುಗುವಷ್ಟರಲ್ಲಿ ನಾನು ವಿಜ್ಞಾನಿಯಾಗಿಬಿಟ್ಟಿದ್ದೆ.

ಮೊದಲನೆಯ ರಾಕೆಟ್ಟನ್ನು ಹಿತ್ತಲಿನಲ್ಲಿ ಹಾರಿಸಿದೆ. ಬಿರಡೆಗೆ ತೂತು ಕೊರೆದು ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿದ್ದೆ. ಬಾಟಲಿಗೆ ಬಾಯಿತನಕ ನೀರು ತುಂಬಿ, ತಲೆಕೆಳಗು ಮಾಡಿ, ಕೊಡ ಇಡುವ ಕಬ್ಬಿಣದ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಪಂಪು ಹೊಡೆದೆ. ಮೊಣಕಾಲೆತ್ತರ ಎದ್ದು, ನನ್ನ ಮೈಮೇಲೆಲ್ಲ ನೀರು ಕಾರಿ, ಅಲ್ಲೇ ಕುಳಿತಿತು. ಮರುದಿನ ನೀರೇ ಇಲ್ಲದೆ ಹೊಡೆದೆ. ಟಪ್ ಎಂದಿತು, ಅಷ್ಟೇ. ಮೂರನೆಯ ಒಂದು ಭಾಗ ನೀರು, ಉಳಿದದ್ದು ಗಾಳಿ ಎಂಬ ಮಹಾಸತ್ಯ ತಿಳಿಯುವಷ್ಟರಲ್ಲಿ ನನಗೆ ನೆಗಡಿ ಹಿಡಿದಿತ್ತು. ಅಲ್ಲಿಯವರೆಗೆ ನೀರು ತುಂಬಿ, ಬಾಟಲಿಯ ಹೊಟ್ಟೆಯ ಮೇಲೆ ಮೊಳೆಯಿಂದ ಒಂದು ಗೆರೆ ಕೊರೆದೆ.

ಇಲ್ಲಿ ನಮ್ಮ ಸಂಸಾರದ ಮುಖ್ಯ ತೊಡಕನ್ನು ಹೇಳಬೇಕು. ಕೊಟ್ರಮ್ಮನ ತೌರು ಬರದ ಸೀಮೆಯ ಜಗಳೂರು. ಅಲ್ಲಿಯವರು ನೀರನ್ನು ನೋಡುವ ಕಣ್ಣೇ ಬೇರೆ. ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರಿನಲ್ಲಿ ಸೊಪ್ಪು ತೊಳೆದು, ಆ ನೀರು ಪಾತ್ರೆಗೆ ಹೋಗಿ, ಪಾತ್ರೆಯ ನೀರು ಕರಿಬೇವಿನ ಗಿಡಕ್ಕೆ ಹೋಗುತ್ತಿತ್ತು. (ಮದುವೆಯಾದ ಹೊಸದರಲ್ಲಿ ನಾನು ಮುಖ ತೊಳೆದ ನೀರನ್ನೂ ಅವಳು ಬೋಗುಣಿ ಹಿಡಿದು ಸಂಗ್ರಹಿಸುತ್ತಿದ್ದಳು. ನಾನದನ್ನು ಪ್ರೀತಿ ಎಂದು ತಿಳಿದಿದ್ದೆ.) ಅಂಥವಳ ಕಣ್ಣೆದುರಿಗೆ ನಾನು ನಲ್ಲಿ ನೀರನ್ನು ಆಕಾಶಕ್ಕೆ ಚೆಲ್ಲತೊಡಗಿದ್ದೆ.

"ನಮ್ಮೂರಾಗೆ ನೀರು ಮ್ಯಾಲಿಂದ ಕೆಳಗೆ ಬರ್ಲಿ ಅಂತ ಕೈ ಮುಗೀತಾರೆ. ಕೆಳಗಿಂದ ಮ್ಯಾಲಕ್ಕೆ ಕಳಿಸೋರು ನೀವೊಬ್ರೇ ನೋಡ್ರಿ" ಎಂದಳು.

"ಇದು ಪ್ರಯೋಗ ಕಣೇ."

"ಅದೇನು ಯೋಗಾನೋ. ಒಂದು ಚೆಂಬು ನೀರು ವಾಪಸ್ ಬರ್ತೈತಾ, ಹೇಳ್ರಿ?"

ವಾಪಸ್ ಬರುತ್ತಿತ್ತು. ನನ್ನ ತಲೆಯ ಮೇಲೆಯೇ ಬರುತ್ತಿತ್ತು. ಆದರೆ ಅದು ಅವಳ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಸುಧಾರಣೆಗಳನ್ನು ಮುಂದುವರಿಸಿದೆ. ಬಾಟಲಿ ಮೇಲೇರಿ ಪಲ್ಟಿ ಹೊಡೆಯುತ್ತಿತ್ತು. ಬಾಣಕ್ಕೆ ಹಿಂದೆ ಗರಿ ಇರುವಂತೆ ರಾಕೆಟ್ಟಿಗೆ ರೆಕ್ಕೆ ಬೇಕೆಂದು ಹೊಳೆಯಿತು. ರಟ್ಟಿನಲ್ಲಿ ಮಾಡಿದೆ, ನೆನೆದು ನಾಲಿಗೆ ಚಾಚಿಕೊಂಡವು. ಕಡೆಗೆ ಅಡಿಕೆ ಹಾಳೆ ಹಿಡಿದೆ. ನೋಡಿ, ದೇವರು ಅಡಿಕೆ ಮರಕ್ಕೆ ಹಾಳೆ ಕೊಟ್ಟದ್ದೇ ರಾಕೆಟ್ಟಿಗೆಂದು ನನಗೀಗಲೂ ಅನುಮಾನವಿದೆ. ನೀರಿನಲ್ಲಿ ನೆನೆಸಿದರೆ ಹೇಳಿದ ಹಾಗೆ ಬಗ್ಗುತ್ತದೆ, ರುಬ್ಬುವ ಕಲ್ಲಿನ ಕೆಳಗಿಟ್ಟು ಒಣಗಿಸಿದರೆ ಬಗ್ಗಿದ ಹಾಗೇ ನಿಲ್ಲುತ್ತದೆ, ಹೂವಿನಷ್ಟು ಹಗುರ. ಮೂರು ರೆಕ್ಕೆ ಕತ್ತರಿಸಿ ಪಂಕ್ಚರ್ ಸಲ್ಯೂಷನ್ನಿನಿಂದ ಅಂಟಿಸಿದೆ. ತಲೆಗೊಂದು ಚೂಪಾದ ಹಾಳೆಯ ಮೂಗು ಮಾಡಿ, ತೂಕಕ್ಕೆ ಅದರೊಳಗೆ ಜೇಡಿಮಣ್ಣು ತುಂಬಿದೆ. ರುಬ್ಬುವ ಕಲ್ಲು ರಾಕೆಟ್ಟಿನ ಸೇವೆಯಲ್ಲಿದ್ದ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಚಟ್ನಿ ಇರಲಿಲ್ಲ.

ಈಗ ಅದು ಹಂಚಿನ ಮೇಲೆ ಹೋಗತೊಡಗಿತು. ಎಷ್ಟು ಮೇಲೆ ಎಂಬುದಕ್ಕಿಂತ ಎಲ್ಲಿ ಬೀಳುತ್ತದೆ ಎಂಬುದೇ ಓಣಿಯಲ್ಲಿ ಚರ್ಚೆಯಾಯಿತು. ಒಂದು ಸಂಜೆ ಪಕ್ಕದ ಮನೆಯ ಸರ್ವಮಂಗಳಮ್ಮನವರ ಎಮ್ಮೆಯ ಬೆನ್ನ ಮೇಲೆ ಬಿತ್ತು. ಸರ್ವಮಂಗಳಮ್ಮ ನಮ್ಮ ಓಣಿಗೇ ಹಿರಿಯರು. ಶ್ರಾವಣ ಸೋಮವಾರದ ಭಜನೆಯ ಮುಂದಾಳು. ಅವರ ಎಮ್ಮೆ ಹೆದರಿ ಹಾಲು ಏರಿಸಿಕೊಂಡಿತು, ಎಷ್ಟು ಹಿಂಡಿದರೂ ಹನಿ ಇಳಿಯಲಿಲ್ಲ. ಬೇರೆ ಗತಿಯಿಲ್ಲದೆ ನಾನೇ ಹೋಗಿ ಸೂಜಿ ಹಾಕಿದೆ. ರೋಗ ಕೊಟ್ಟವನೂ ಮದ್ದು ಕೊಟ್ಟವನೂ ನಾನೇ ಆದೆ.

ಅಂದಿನಿಂದ ಹಿತ್ತಲು ಬಂದ್. ಟ್ಯಾಂಕಿನ ಪಕ್ಕದಲ್ಲಿದ್ದ ಮುರುಗೇಶಪ್ಪನವರ ಅಡಿಕೆ ಕಣವನ್ನು ಕೇಳಿ ಪಡೆದೆ. ಕೊಯ್ಲು ಇನ್ನೂ ಶುರುವಾಗಿರಲಿಲ್ಲ, ಕಣ ಖಾಲಿ ಬಿದ್ದಿತ್ತು. ಮುರುಗೇಶಪ್ಪನವರು ಅಡಿಕೆ ವ್ಯಾಪಾರಸ್ಥರು. ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡಿದರೆ ಇಡೀ ಚೀಲದ ಯೋಗ್ಯತೆ ಹೇಳುವವರು. ಕಣ್ಣಿಗೆ ಕಂಡದ್ದನ್ನು ಬಿಟ್ಟು ಬೇರೇನನ್ನೂ ನಂಬದವರು. ನನ್ನ ರಾಕೆಟ್ಟು ಟ್ಯಾಂಕಿನ ಎತ್ತರಕ್ಕೆ ಹೋಗುತ್ತದೆ ಎಂದು ನಾನು ಹೇಳಿದಾಗ ಅವರು ನಶ್ಯ ಏರಿಸುತ್ತ, "ನನ್ನ ಕಣ್ಣಿಗೆ ನುಗ್ಗೆಗಿಡದ ಎತ್ತರ ಕಾಣ್ತು ನೋಡಪ್ಪ" ಎಂದರು. ಬಾಟಲಿ ನೀರಿನ ಬಣ್ಣದ್ದು. ಸ್ವಲ್ಪ ಮೇಲೆ ಹೋದರೆ ಮೋಡದಲ್ಲಿ ಕಾಣುತ್ತಲೇ ಇರಲಿಲ್ಲ. ಕಾಣದ ಎತ್ತರವನ್ನು ಸಾಬೀತು ಮಾಡುವುದು ಹೇಗೆ?

ಅಷ್ಟರಲ್ಲಿ ಮನೆಯಲ್ಲಿ ಪರಿಸ್ಥಿತಿ ಬಿಗಡಾಯಿಸಿತು. ನಲ್ಲಿ ಬಾರದ ಒಂದು ದಿನ, ಕುಡಿಯುವ ನೀರಿನ ಹಂಡೆಯಿಂದ ನಾನು ಬಾಟಲಿ ತುಂಬಿಕೊಳ್ಳುವಾಗ ಕೊಟ್ರಮ್ಮ ನೋಡಿಬಿಟ್ಟಳು. ಅವಳು ಕೂಗಾಡಲಿಲ್ಲ. ಸೀದಾ ಮುರುಗೇಶಪ್ಪನವರ ಮನೆಗೆ ಹೋಗಿ ಪಂಚಾಯಿತಿ ಸೇರಿಸಿದಳು.

"ಮಾವಾರೆ, ನೀವೇ ಹೇಳ್ರಿ. ಇವ್ರಿಗೆ ರಾಕೆಟ್ ಬೇಕಾ, ಸಂಸಾರ ಬೇಕಾ?"

ನಾನು ತಕ್ಷಣ ಉತ್ತರ ಹೇಳದಿದ್ದದ್ದು ತಪ್ಪಾಯಿತು. ಮುರುಗೇಶಪ್ಪನವರು ಯೋಚಿಸಿ ಒಂದು ಪಣ ಕಟ್ಟಿಸಿದರು. ಬರುವ ಶ್ರಾವಣ ಸೋಮವಾರ ಬೆಳಿಗ್ಗೆ ರಾಕೆಟ್ಟು ಟ್ಯಾಂಕ್ ದಾಟಿದರೆ ಕೊಟ್ರಮ್ಮ ಇನ್ನೆಂದೂ ತಕರಾರು ತೆಗೆಯಬಾರದು, ಅಷ್ಟೇ ಅಲ್ಲ, ತನ್ನ ಕೈಯಾರೆ ಚೆಂಬು ನೀರು ತಂದುಕೊಡಬೇಕು. ದಾಟದಿದ್ದರೆ ಬಾಟಲಿಗಳು ಗುಜರಿಗೆ, ಪಂಪು ಸೈಕಲ್ಲಿಗೆ, ನಾನು ಸಂಸಾರಕ್ಕೆ. ತೀರ್ಪುಗಾರರು ಮುರುಗೇಶಪ್ಪನವರು.

"ಕಣ್ಣಿಗೆ ಕಾಣ್ಬೇಕು ಮತ್ತೆ" ಎಂದು ಎಚ್ಚರಿಸಿದರು.

"ಆತು" ಎಂದಳು ಕೊಟ್ರಮ್ಮ. ಅವಳ ಮುಖದಲ್ಲಿ ಒಂದು ಬಗೆಯ ಶಾಂತಿ ಇತ್ತು. ಅದನ್ನು ನೋಡಿ ನಾನು ಹೆದರಬೇಕಿತ್ತು.

ಕಣ್ಣಿಗೆ ಕಾಣಬೇಕು. ಅದಕ್ಕೆ ಉಪಾಯ ಹೂಡಿದೆ. ಮೂಗನ್ನು ಸಡಿಲವಾಗಿ ಕೂರಿಸಿ, ಒಳಗೆ ಮಣ್ಣಿನ ಬದಲು ಪುಡಿ ತುಂಬಿದರೆ, ತುದಿಗೆ ಹೋಗಿ ರಾಕೆಟ್ಟು ತಲೆಕೆಳಗಾದಾಗ ಮೂಗು ಕಳಚಿ ಪುಡಿ ಹಾರಿ, ಆಕಾಶದಲ್ಲಿ ಗುರುತು ಬೀಳುತ್ತದೆ. (ಮೂಗು ಕಳೆದುಹೋಗದಂತೆ ಬಾಟಲಿಗೆ ದಾರ ಕಟ್ಟಿದ್ದೆ.) ಯಾವ ಪುಡಿ? ರಂಗೋಲಿ ಪುಡಿ ಭಾರ, ಕಲ್ಲಿನ ಹಾಗೆ ಕೆಳಗೆ ಬಿತ್ತು. ಜೋಳದ ಹಿಟ್ಟು ತೇವಕ್ಕೆ ಮುದ್ದೆಯಾಯಿತು. ಕುಂಕುಮ ಮುಟ್ಟುವ ಧೈರ್ಯ ನನಗಿರಲಿಲ್ಲ. ಸೋಮವಾರ ಬೆಳಗಾಗಿತ್ತು, ಕೊಟ್ರಮ್ಮ ನಲ್ಲಿಗೆ ಹೋಗಿದ್ದಳು. ದೇವರ ಮಾಡದ ಮುಂದೆ ಕೈಮುಗಿದು ನಿಂತಿದ್ದಾಗ ವಿಭೂತಿ ಗಟ್ಟಿ ಕಣ್ಣಿಗೆ ಬಿತ್ತು.

ಬೆಳ್ಳಗೆ, ನುಣ್ಣಗೆ, ಹಗುರ! ನಮ್ಮ ಮನೆತನದವರು ತಲೆತಲಾಂತರದಿಂದ ಅದನ್ನು ಹಣೆಗೆ ಹಚ್ಚಿಕೊಂಡು ಬಂದಿದ್ದರೂ ಗಾಳಿಗೆ ತೂರಿ ನೋಡುವ ಬುದ್ಧಿ ಯಾರಿಗೂ ಬಂದಿರಲಿಲ್ಲ. "ಶಿವನೇ, ತಪ್ಪು ತಿಳೀಬ್ಯಾಡ, ಇದು ವಿಜ್ಞಾನ" ಎಂದು ಹೇಳಿ, ಎರಡು ಗಟ್ಟಿ ತೆಗೆದುಕೊಂಡು ಅಡಿಗೆಮನೆಯ ಕುಟ್ಟಾಣಿಯಲ್ಲಿ ಕುಟ್ಟಿ, ಹಳೆಯ ಪಂಚೆಯಲ್ಲಿ ಸೋಸಿದೆ. ಕೊಟ್ರಮ್ಮ ಅದೇ ಕುಟ್ಟಾಣಿಯಲ್ಲಿ ಆಗಷ್ಟೇ ಪಾಯಸಕ್ಕೆ ಯಾಲಕ್ಕಿ ಕುಟ್ಟಿದ್ದಳು. ಪುಡಿ ಘಮ್ಮೆನ್ನುತ್ತಿತ್ತು. ಪರಿಮಳದಿಂದ ರಾಕೆಟ್ಟಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಸ್ವಲ್ಪ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಸರ್ವಮಂಗಳಮ್ಮನವರ ಹಿಂದೆ ಗುಡಿಗೆ ಹೊರಟರು. ಕೊಟ್ರಮ್ಮನೂ ಹಣ್ಣುಕಾಯಿ ಹಿಡಿದು ಹೋದಳು. "ನೀವು ನಿಮ್ಮ ಕೆಲಸ ಮಾಡ್ಕಳ್ರಿ, ನಾನು ನಂದು ಮಾಡ್ಕಂತೀನಿ" ಎಂದು ಹೇಳಿಹೋದಳು. ನಾನು ಕಣಕ್ಕೆ ಹೋದೆ. ಪಡುವಣ ಗಾಳಿ ಬೀಸುತ್ತಿತ್ತು. ಮೋಡ ಕಪ್ಪಾಗಿ, ಬಿಳಿ ಪುಡಿಗೆ ಹೇಳಿ ಮಾಡಿಸಿದ ಹಾಗಿತ್ತು. ಮುರುಗೇಶಪ್ಪನವರು ಕಟ್ಟೆಯ ಮೇಲೆ ಕನ್ನಡಕ ಒರೆಸಿ ಕುಳಿತಿದ್ದರು.

ಬಿರಡೆಗೆ ಅಂದು ಟ್ಯೂಬಿನ ಪಟ್ಟಿ ಸುತ್ತಿ ಬಿಗಿ ಮಾಡಿದ್ದೆ. ಬಿಗಿಯಾದಷ್ಟೂ ಹೆಚ್ಚು ಗಾಳಿ ಹಿಡಿಯುತ್ತದೆ, ಹೆಚ್ಚು ಎತ್ತರ ಹೋಗುತ್ತದೆ. ಪಂಪು ಹೊಡೆದೆ. ಹೊಡೆದೇ ಹೊಡೆದೆ. ಬಾಟಲಿ ಕದಲಲಿಲ್ಲ. ನನ್ನ ಭುಜ ಬಿದ್ದುಹೋಯಿತು. ಬಾಟಲಿ ಉಬ್ಬಿ ಕಿರ್‍ರೆನ್ನತೊಡಗಿತು.

"ಏನಾತೋ ಬೆನಕಪ್ಪ?" ಎಂದು ಮುರುಗೇಶಪ್ಪನವರು ಎದ್ದು ಬಂದರು.

"ದೂರ ನಿಲ್ರಿ ಯಜಮಾನ್ರೆ!"

ದೂರ ನಿಲ್ಲುವ ಜಾಯಮಾನ ಅವರದಲ್ಲ. ಬಗ್ಗಿ, ಅಡಿಕೆ ಚೀಲ ನೋಡುವ ಹಾಗೆ ಬಿರಡೆಯನ್ನೇ ನೋಡಿದರು. ಆಗ ಅದು ಕಿತ್ತುಕೊಂಡಿತು.

ನೀರೆಲ್ಲ ಮುರುಗೇಶಪ್ಪನವರ ಮುಖಕ್ಕೆ ಬಿತ್ತು, ಬಾಟಲಿ ಆಕಾಶಕ್ಕೆ ಹೋಯಿತು. ನಾನು ನೋಡಿದೆ, ಕಣ್ಣಾರೆ ನೋಡಿದೆ. ಟ್ಯಾಂಕಿನ ಕಾಲು ದಾಟಿತು, ಹೊಟ್ಟೆ ದಾಟಿತು, ಮೇಲಿನ ಕಂಬಿ ದಾಟಿತು, ಸಿಡಿಲಿನ ಸರಳು ದಾಟಿ ಇನ್ನೂ ಹೋಯಿತು. ಅಲ್ಲಿ ಒಂದು ಗಳಿಗೆ ನಿಂತಿತು. ತಿರುಗಿತು. ಕರಿಯ ಮೋಡದ ಎದುರು ಬೆಳ್ಳಗೆ ಒಂದು ಹೂವು ಅರಳಿತು. ನನ್ನ ಮದುವೆಯ ದಿನವೂ ನಾನು ಅಷ್ಟು ಸಂತೋಷಪಟ್ಟಿರಲಿಲ್ಲ. (ಇದನ್ನು ಕೊಟ್ರಮ್ಮನಿಗೆ ಹೇಳಬೇಡಿ.)

"ನೋಡಿದ್ರಾ! ನೋಡಿದ್ರಾ ಯಜಮಾನ್ರೆ!"

"ಏನ್ ನೋಡ್ಲೋ? ಕಣ್ತುಂಬ ನೀರೈತೆ. ಕನ್ನಡಕ ಎಲ್ಲೋತು?"

ಕನ್ನಡಕ ಸಿಕ್ಕಿತು. ಅದನ್ನು ಒರೆಸಲು ಒಣಬಟ್ಟೆ ಸಿಗಲಿಲ್ಲ. ಅಂತೂ ಹಾಕಿಕೊಂಡು ಮೇಲೆ ನೋಡುವಷ್ಟರಲ್ಲಿ ಗಾಳಿ ಪುಡಿಯನ್ನು ಗುಡಿಯ ಬೀದಿಯ ಕಡೆ ತೇಲಿಸಿಕೊಂಡು ಹೋಗಿತ್ತು. ಬಾಟಲಿಯೂ ಕೆಳಗೆ ಬರಲಿಲ್ಲ. ಕಣವೆಲ್ಲ ಹುಡುಕಿದೆ, ಬೇಲಿ ಹುಡುಕಿದೆ, ಇಲ್ಲ.

"ಬಾಟ್ಲಿ ಕಾಣ್ವಲ್ದು, ಎತ್ತರಾನೂ ಕಾಣ್ಲಿಲ್ಲ. ನಾ ಏನಂತ ಹೇಳ್ಲಿ?" ಎಂದರು ಮುರುಗೇಶಪ್ಪನವರು.

"ಬೀದೀಲಿ ಯಾರಾದ್ರೂ ನೋಡಿರ್ತಾರೆ, ಬರ್‍ರಿ" ಎಂದು ಅವರ ಒದ್ದೆ ಕೈ ಹಿಡಿದು ಓಡಿದೆ.

ಬೀದಿಯಲ್ಲಿ ನೋಡದವರೇ ಇರಲಿಲ್ಲ. ಗುಡಿಯಿಂದ ಹೊರಬಂದ ಹೆಂಗಸರು ಸಾಲಾಗಿ ನಿಂತು ಆಕಾಶಕ್ಕೆ ಕೈ ಮುಗಿದಿದ್ದರು. ಎಲ್ಲರ ತಲೆಯ ಮೇಲೂ ತಟ್ಟೆಯ ಹಣ್ಣುಕಾಯಿಯ ಮೇಲೂ ಬೆಳ್ಳಗೆ ಪುಡಿ. ಸರ್ವಮಂಗಳಮ್ಮನವರ ಕಣ್ಣಲ್ಲಿ ಧಾರಾಕಾರ ನೀರು. ಸೆರಗಿನ ಮೇಲೆ ಬಿದ್ದದ್ದನ್ನು ಚಿಟಿಕೆಯಲ್ಲಿ ಎತ್ತಿ ಎಲ್ಲರ ಹಣೆಗೂ ಹಚ್ಚುತ್ತಿದ್ದರು.

"ಆಕಾಶದಿಂದ ಬಂತವ್ವಾ! ಟ್ಯಾಂಕಿನಿಂದಾಚೆ, ಅಷ್ಟೆತ್ತರದಾಗೆ, ಮೋಡ ಸೀಳಿಕೊಂಡು ಬಂತು! ವಾಸ್ನೆ ನೋಡ್ರೇ, ಯಾಲಕ್ಕಿ ಘಮ! ಭೂಮಿ ಮ್ಯಾಲಿನ ವಿಭೂತಿಗೆ ಎಲ್ಲೈತೆ ಇಂಥ ವಾಸ್ನೆ?"

ಟ್ಯಾಂಕಿನಿಂದಾಚೆ! ಅಷ್ಟೆತ್ತರ! ಸಾಕ್ಷಿ ಸಿಕ್ಕಿತು. ನಾನು ಕುಣಿದಾಡಿಬಿಟ್ಟೆ. "ಕೇಳ್ರಿ ಯಜಮಾನ್ರೆ, ಕೇಳ್ರಿ! ಅಮ್ಮಾ, ಅದು ನನ್ನ ರಾಕೆಟ್ಟಿಂದು. ನಾನು ಹಾರ್ಸಿದ್ದು!"

ಸರ್ವಮಂಗಳಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾವ್ದು, ಆ ಎಮ್ಮೆ ಬಾಟ್ಲೀನಾ? ಬೆನಕಣ್ಣ, ಅದು ನಮ್ಮ ಹಂಚು ದಾಟಿದ್ದನ್ನೇ ನಾನು ಸರಿಯಾಗಿ ನೋಡಿಲ್ಲ. ನಮ್ಮ ಎಮ್ಮೆ ಬೆನ್ನ ಮ್ಯಾಲೆ ಬಿತ್ತು. ಅದು ಮೋಡದತನ್ಕ ಹೋತಾ?"

"ಸುಧಾರಿಸಿದೀನಿ ಅಮ್ಮಾ. ಬಿರಡೆ ಬಿಗಿ ಮಾಡಿದೀನಿ..."

"ಬಾಟ್ಲಿ ಎಲ್ಲೈತೆ, ತೋರ್ಸು."

ಎಲ್ಲಿಂದ ತೋರಿಸಲಿ? ಮುರುಗೇಶಪ್ಪನವರ ಕಡೆ ನೋಡಿದೆ. ಅವರು ಹಣೆಯೊಡ್ಡಿ ವಿಭೂತಿ ಹಚ್ಚಿಸಿಕೊಳ್ಳುತ್ತ, "ಕಣ್ಣಿಗೆ ಕಂಡಿದ್ದು ಇದೇ ನೋಡಪ್ಪ" ಎಂದರು.

ಉಳಿದವಳು ಒಬ್ಬಳೇ. ಕೊಟ್ರಮ್ಮ ಸೆರಗಿನಿಂದ ಒಂದು ಚಿಟಿಕೆ ಎತ್ತಿ ಮೂಗಿನ ಹತ್ತಿರ ಹಿಡಿದಳು. ಮೂಸಿದಳು. ನನ್ನ ಮುಖ ನೋಡಿದಳು. ಮತ್ತೊಮ್ಮೆ ಮೂಸಿದಳು. ಆ ಕುಟ್ಟಾಣಿಯ ಯಾಲಕ್ಕಿಯನ್ನು ಕುಟ್ಟಿದವಳು ಅವಳೇ. ನ್ಯಾಯ ಈಗ ಅವಳ ಮೂಗಿನ ತುದಿಯಲ್ಲಿತ್ತು.

ಅವಳು ಕಣ್ಣಿಗೆ ಸೆರಗು ಒತ್ತಿಕೊಂಡಳು. "ಇವತ್ತು ಗುಡಿಯಾಗೆ ನಾನೊಂದು ಹರಕೆ ಹೊತ್ತಿದ್ದೆ ಅಮ್ಮಾ. ನಮ್ಮ ಮನೆಯೋರ ರಾಕೆಟ್ ಹುಚ್ಚು ಬಿಡ್ಸಪ್ಪ, ಬಿಡಿಸ್ತೀನಿ ಅನ್ನಂಗಿದ್ರೆ ಒಂದು ಗುರುತು ತೋರ್ಸಪ್ಪ ಅಂತ. ಹೊರಗೆ ಕಾಲಿಟ್ಟೆ, ತಲಿ ಮ್ಯಾಲೆ ಬಿತ್ತು."

ಬೀದಿಯಲ್ಲೆಲ್ಲ ಹರಹರ ಎಂಬ ಉದ್ಗಾರ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆದೆ. ವಿಭೂತಿ ನನ್ನದು ಎಂದರೆ ದೇವರ ಮಾಡದಿಂದ ಕದ್ದು ಎಮ್ಮೆ ಬಾಟಲಿಗೆ ತುಂಬಿದೆ ಎಂದೂ ಹೇಳಬೇಕಿತ್ತು. ಅಷ್ಟು ಜನ ಅಳುತ್ತಿದ್ದ ಆ ಬೀದಿಯಲ್ಲಿ ಹಾಗೆ ಹೇಳಿ ನಾನು ಮನೆ ತಲುಪುವ ಭರವಸೆ ನನಗಿರಲಿಲ್ಲ. ಬಾಯಿ ಮುಚ್ಚಿದೆ. ಸರ್ವಮಂಗಳಮ್ಮ ಮೂರು ಬೆರಳಿನಿಂದ ನನ್ನ ಹಣೆಯ ಮೇಲೆ ಅಡ್ಡಗೆರೆ ಎಳೆದು, "ಇನ್ನು ಬಿಡಪ್ಪ. ಆತನೇ ಹೇಳಿದ ಮ್ಯಾಲೆ ಮುಗೀತು" ಎಂದರು. ನಾನೇ ಕುಟ್ಟಿದ್ದು, ನಾನೇ ಸೋಸಿದ್ದು, ನನ್ನ ಹಣೆಗೇ ಬಂತು.

ಬಾಟಲಿಗಳು ಗುಜರಿಗೆ ಹೋದವು. ಪಂಪು ಸೈಕಲ್ಲಿಗೆ ಹೋಯಿತು. ಮನೆಯಲ್ಲಿ ಚಟ್ನಿ ಮರಳಿ ಕಾಣಿಸಿತು. ಉಳಿದ ಶ್ರಾವಣ ಸೋಮವಾರಗಳಲ್ಲಿ ಹರಕೆ ತೀರಿಸಲು ಕೊಟ್ರಮ್ಮನ ಹಿಂದೆ ಹಣ್ಣುಕಾಯಿಯ ಬುಟ್ಟಿ ಹಿಡಿದು ಗುಡಿಗೆ ಹೋದೆ. ದಾರಿಯಲ್ಲಿ ಟ್ಯಾಂಕು ಬರುತ್ತಿತ್ತು. ನಾನು ತಲೆ ಎತ್ತಿ ನೋಡುತ್ತಿರಲಿಲ್ಲ. ನಿಜ ಹೇಳುತ್ತೇನೆ, ಹೊಟ್ಟೆ ಉರಿಯುತ್ತಿತ್ತು. ಸೋತಿದ್ದರೆ ಸುಮ್ಮನಿರುತ್ತಿದ್ದೆ. ಗೆದ್ದು ಸುಮ್ಮನಿರುವುದು ಎಂಥ ಕಷ್ಟ ಎಂಬುದು ಗೆದ್ದವನಿಗೇ ಗೊತ್ತು.

ಕಾರ್ತಿಕದ ಒಂದು ಸಂಜೆ ಸ್ಟೋವ್ ಆರಿತು. "ಮೂಲ್ಯಾಗೆ ಸೀಮೆಎಣ್ಣೆ ಬಾಟ್ಲಿ ಐತೆ, ತಗಂಬರ್‍ರಿ. ಲಾಳಿಕೇನೂ ಅಲ್ಲೇ ಐತೆ" ಎಂದಳು ಕೊಟ್ರಮ್ಮ. ಹೋಗಿ ಎತ್ತಿದೆ. ದಪ್ಪ ಬಾಟಲಿ, ಸಣ್ಣ ಕುತ್ತಿಗೆ. ಕುತ್ತಿಗೆಯ ಸುತ್ತ ಪಂಕ್ಚರ್ ಸಲ್ಯೂಷನ್ನಿನ ಮೂರು ಕಲೆ. ಹೊಟ್ಟೆಯ ಮೇಲೆ ಮೂರನೆಯ ಒಂದು ಭಾಗಕ್ಕೆ ಮೊಳೆಯ ಗೆರೆ. ಲಾಳಿಕೆ ಎಂದರೆ, ತುದಿ ಕತ್ತರಿಸಿದ ನನ್ನ ಅಡಿಕೆ ಹಾಳೆಯ ಮೂಗು.

"ಎಲ್ಲಿ ಸಿಕ್ತೇ ಇದು?"

"ವಾಟರ್‌ಮನ್ ಜಂಪಣ್ಣ ಟ್ಯಾಂಕ್ ತೊಳಿಯಾಕೆ ಹತ್ತಿದ್ನಂತೆ. ಮುಚ್ಚಳದ ಮ್ಯಾಲೆ ಬಿದ್ದಿತ್ತಂತೆ. ಪಶು ಆಸ್ಪತ್ರೆ ಬಾಟ್ಲಿ, ಕಾಗೆ ಕಚ್ಕಂಡು ಹೋಗಿರ್ಬೇಕು ಅಂತ ತಂದುಕೊಟ್ಟ. ಹೂನಪ್ಪ, ಕಾಗೇನೇ ಅಂದೆ."

"ಯಾವಾಗ?"

"ಆ ವಾರದಾಗೇ."

"ಹಂಗಾರೆ ಪಣ ಗೆದ್ದಿದ್ದು ನಾನು!"

"ಮತ್ತೆ? ಯಾಲಕ್ಕಿ ವಾಸ್ನೆ ಬಂದಾಗ್ಲೇ ನಂಗೆ ಗೊತ್ತಾತು." ಅವಳು ಸ್ಟೋವಿನ ಮುಚ್ಚಳ ತೆಗೆಯುತ್ತಿದ್ದವಳು ತಲೆ ಎತ್ತಿದಳು. "ಭಾಳ ಎತ್ತರ ಹೋಗಿತ್ತು ಕಣ್ರಿ. ಅಷ್ಟು ಹೋಗ್ತೈತೆ ಅಂತ ನಾನು ಅಂದ್ಕಂಡೇ ಇರ್ಲಿಲ್ಲ."

ಇಷ್ಟು ದಿನ ಯಾರ ಬಾಯಿಂದ ಕೇಳಬೇಕೆಂದು ಬಯಸಿದ್ದೆನೋ ಆ ಮಾತು ಅದೇ. "ಹಂಗಾರೆ ನಾಳೆ ಸರ್ವಮಂಗಳಮ್ಮಂಗೆ ಹೇಳು" ಎಂದೆ.

"ಅವ್ರು ಆ ವಿಭೂತೀನ ಬೆಳ್ಳಿ ಬಟ್ಟಲಾಗೆ ಇಟ್ಟು ದಿನಾ ಎಮ್ಮೆ ಹಣಿಗೆ ಹಚ್ತಾರೆ. ಎಮ್ಮೆ ತಂಬಿಗೆ ತುಂಬ ಹಾಲು ಕೊಡ್ತೈತೆ. ಹೋಗಿ ನೀವೇ ಹೇಳ್ರಿ, ಅದು ನಾನು ಕುಟ್ಟಿದ್ದು ಅಂತ. ನಾಳೆ ಹಾಲು ಕಮ್ಮಿ ಆದ್ರೆ ಯಾರನ್ನ ಹಿಡ್ಕಂತಾರೆ, ಯೋಚ್ನೆ ಮಾಡ್ರಿ. ಮೊದ್ಲು ಲಾಳಿಕೆ ನೆಟ್ಟಗೆ ಹಿಡೀರಿ, ಚೆಲ್ತೈತೆ."

ನೆಟ್ಟಗೆ ಹಿಡಿದೆ. ಅವಳು ಬಾಟಲಿ ಬಗ್ಗಿಸಿದಳು. ಒಂದು ಹನಿಯೂ ಸೋರಲಿಲ್ಲ, ಅಷ್ಟು ಚೆನ್ನಾಗಿ ಮಾಡಿದ್ದೆ.

ಸ್ಟೋವ್ ಹತ್ತಿಕೊಂಡ ಮೇಲೆ ಅವಳು ಒಳಗೆ ಹೋಗಿ ಚೆಂಬು ತುಂಬ ನೀರು ತಂದು, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತಳು. ಹಂಡೆಯ ಕುಡಿಯುವ ನೀರು.

"ತಗಳ್ರಿ, ಪಣದ ನೀರು. ಕೈಯಾರೆ ಕೊಡ್ತೀನಿ ಅಂದಿದ್ದೆ. ಮಾತಿಗೆ ತಪ್ಪೋರಲ್ಲ ನಾವು ಜಗಳೂರೋರು."

"ಇದನ್ನ ಏನ್ ಮಾಡ್ಲಿ ಈಗ?"

"ಕೈ ಸೀಮೆಎಣ್ಣೆ ವಾಸ್ನೆ ಬರ್ತೈತೆ, ತೊಳ್ಕಂಡು ಊಟಕ್ಕೆ ಬರ್‍ರಿ. ಕರಿಬೇವಿನ ಗಿಡದ ಹತ್ರ ಬ್ಯಾಡ, ಎಣ್ಣೆಗೆ ಒಣಗ್ತೈತೆ" ಎಂದಳು.

ಬಚ್ಚಲಿಗೆ ಹೋಗಿ ತೊಳೆದುಕೊಂಡೆ.